ಇಳಿಜಾರು ಭೂಮಿಯೂ ಒಡ್ಡಿನ ಕಾಯಕವೂ

ಶ್ರೀಮಠದ ಮಹೋತ್ಸವದ ಈ ಸ್ಮರಣ ಸಂಪುಟದಲ್ಲಿ ಗುರುಪರಂಪರೆಯನ್ನೂ ಶರಣಸಾಹಿತ್ಯವನ್ನೂ ಶಾಸ್ತ್ರವಿಚಾರಗಳನ್ನೂ ಕುರಿತು ಬಲ್ಲವರು ಬರೆದಿರುವರು. ಪಾಠಶಾಲೆಯಲ್ಲಿ ಅಮರಕೋಶವನ್ನೂ ಶಬ್ದಮಣಿದರ್ಪಣವನ್ನೂ ಓದಿ ಬೆಳೆದ ನನ್ನಂಥವನು ಮಣ್ಣಿನ ಮಾತನ್ನೆತ್ತಿಕೊಂಡದ್ದು ವಾಚಕರಿಗೆ ಸೋಜಿಗವೆನಿಸಬಹುದು. ಆದರೆ ಮಠದ ದಾಸೋಹವು ನಿಂತಿರುವದು ಜೋಳದ ರಾಶಿಯ ಮೇಲೆ. ಆ ರಾಶಿಯು ನಿಂತಿರುವದು ಮಣ್ಣಿನ ಮೇಲೆ. ಆ ಮಣ್ಣಾದರೋ ನಿಂತಲ್ಲಿ ನಿಲ್ಲದೆ ವರುಷ ವರುಷವೂ ನೀರಿನ ಸಂಗಡ ಹಳ್ಳ ಹಿಡಿದು ಹೋಗುತ್ತಲಿರುವದು. ರಾಶಿಯ ಕಾಲಕ್ಕೆ ಭಕ್ತರು ಚಕ್ಕಡಿ ಕಟ್ಟಿಕೊಂಡು ಕಾಳು ತಂದು ಉಗ್ರಾಣಕ್ಕೆ ಸುರಿಯುವದನ್ನು ನಾವೆಲ್ಲರೂ ಕಂಡಿರುವೆವು. ಅದೇ ಹೊಲದಿಂದ ಮಳೆಗಾಲದಲ್ಲಿ ಎಷ್ಟು ಚಕ್ಕಡಿ ಮಣ್ಣು ಹೊರಟು ಹೋಯಿತೆಂಬದನ್ನು ಮಾತ್ರ ಯಾರೂ ಲೆಕ್ಕವಿಟ್ಟಿಲ್ಲ. ಆದುದರಿಂದ ಇಳಿಜಾರು ಭೂಮಿಯ ಮಣ್ಣನ್ನು ಹಿಡಿದು ನಿಲ್ಲಿಸುವದಕ್ಕೆ ನಮ್ಮ ಸೀಮೆಯಲ್ಲಿ ನಡೆದ ಯತ್ನಗಳ ಇತಿಹಾಸವನ್ನು ಸಂಕ್ಷೇಪವಾಗಿ ನಿವೇದಿಸಲು ಇಲ್ಲಿ ಪ್ರಯತ್ನಿಸಿರುವೆನು.

ನೀರು ಮಣ್ಣನ್ನು ಒಯ್ಯುವ ಬಗೆ

ಮಣ್ಣು ಹರಿದು ಹೋಗಲು ಬೆಟ್ಟದ ಕಡಿದಾದ ಇಳಿಜಾರೇ ಬೇಕೆಂದು ತಿಳಿಯಲಾಗದು. ನೂರು ಮಾರು ನಡೆದರೆ ಒಂದೆರಡು ಮಾರು ಇಳಿಯುವ ಹೊಲವು ಮನುಷ್ಯನ ಕಣ್ಣಿಗೆ ಸಮವಾಗಿಯೇ ತೋರುವದು. ಅದು ಇಳಿಜಾರೆಂಬ ಸಂಗತಿ ನೀರಿಗೆ ಮಾತ್ರ ತಿಳಿದಿರುವದು. ಬಿರುಸಾದ ಮಳೆಯ ಹನಿಯು ಬರಿಯ ನೆಲಕ್ಕೆ ಬಡಿದ ಪೆಟ್ಟಿಗೆ ಹೆಂಟೆಯು ಒಡೆದು ಮಣ್ಣು ಕಣಕಣವಾಗಿ ಸಿಡಿಯುವದು. ಆ ಸಣ್ಣ ಕಣಗಳು ನೆಲದ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿಬಿಡುವವು. ತರುವಾಯ ಬಿದ್ದ ನೀರು ಇಂಗಲಾರದೆ, ತೆಳುವಾದ ಪದರಾಗಿ ಹೊಲದ ಮೇಲೆಲ್ಲ ಹಬ್ಬಿ ಇಳಿಯತೊಡಗುವದು. ಈ ಮೊದಲನೆಯ ಹಂತವೇ ಅತ್ಯಂತ ಮೋಸದ್ದು. ಏಕೆಂದರೆ ಹೊಲದಲ್ಲಿ ಎಲ್ಲಿಯೂ ಗಾಯ ಕಾಣುವದಿಲ್ಲ, ಆದರೆ ಮೇಲಿನ ಸಾರವೆಲ್ಲ ಜಾರಿ ಹೋಗಿರುವದು. ಇನ್ನಷ್ಟು ದೂರ ಹರಿದ ನೀರು ಕೂಡಿಕೊಂಡು ಎಳೆಯೆಳೆಯಾದ ಗೀರುಗಳನ್ನು ಕೊರೆಯುವದು. ಗೀರುಗಳು ಕೂಡಿ ಕೊರಕಲಾಗುವವು. ಕೊರಕಲು ಬೆಳೆದು ಹಳ್ಳವಾಗುವದು. ನೀರಿನ ವೇಗವು ಇಮ್ಮಡಿಯಾದರೆ ಅದರ ಬಲವು ನಾಲ್ಮಡಿಯಾಗುವದೆಂಬದು ಭೌತಶಾಸ್ತ್ರದ ಸಿದ್ಧಾಂತ. ಆದ್ದರಿಂದ ಇಳಿಜಾರಿನ ಉದ್ದವನ್ನು ನಡುನಡುವೆ ತುಂಡರಿಸಿ, ನೀರಿಗೆ ಓಡುವ ಅವಕಾಶವನ್ನು ಕೊಡದೆ ಅದನ್ನು ನಡೆಯುವಂತೆ ಮಾಡುವದೇ ಸಕಲ ಉಪಾಯಗಳ ಮೂಲಸೂತ್ರವಾಗಿರುವದು.

ವಿಜಯಪುರ, ಬಾಗಲಕೋಟೆ, ರಾಯಚೂರು, ಬಳ್ಳಾರಿಗಳ ಎರೆ ಭೂಮಿಗೆ ಇನ್ನೊಂದು ವಿಶೇಷವುಂಟು. ಬೇಸಿಗೆಯಲ್ಲಿ ಈ ನೆಲವು ಕೈ ಹಿಡಿಸುವಷ್ಟು ಬಿರುಕು ಬಿಡುವದು. ನೀರು ಕುಡಿದೊಡನೆ ಉಬ್ಬಿ ಆ ಬಿರುಕುಗಳನ್ನು ಮುಚ್ಚಿಕೊಳ್ಳುವದು. ಒಮ್ಮೆ ಮುಚ್ಚಿದ ಮೇಲೆ ನೀರು ಬಹು ನಿಧಾನವಾಗಿ ಇಳಿಯುವದು. ವಿಜಯಪುರದ ಕಡೆಗೆ ವರುಷಕ್ಕೆ ಬೀಳುವ ಮಳೆಯು ಸುಮಾರು ೬೦೦ ಮಿಲಿಮೀಟರ್ ಮಾತ್ರ. ಅದರಲ್ಲಿಯೂ ದೊಡ್ಡ ಪಾಲು ಕೆಲವೇ ಬಿರುಮಳೆಗಳಲ್ಲಿ ಸುರಿದು ಹೋಗುವದು. ಹಿಂಗಾರಿ ಬಿಳಿಜೋಳವನ್ನೂ ಕಡಲೆಯನ್ನೂ ಕುಸುಬೆಯನ್ನೂ ಬಿತ್ತುವ ಹೊಲವನ್ನು ಮುಂಗಾರಿಯಲ್ಲಿ ಬರಿದಾಗಿ ಇಟ್ಟು ಹರಗುವ ರೂಢಿಯುಂಟಷ್ಟೆ? ಮಳೆಯ ಪೆಟ್ಟು ಜೋರಾಗಿರುವಾಗ ಭೂಮಿಯ ಮೈಮೇಲೆ ಹಸುರಿನ ಹೊದಿಕೆಯೇ ಇರುವದಿಲ್ಲ. ನೀರು ಸಾಲದ ನಾಡಿನಲ್ಲಿ ನೀರೇ ಮಣ್ಣನ್ನು ಕಳುವು ಮಾಡುವ ವಿಪರೀತವು ಹೀಗೆ ಸಂಭವಿಸುವದು.

ಈ ಕಳುವಿನ ಪ್ರಮಾಣವನ್ನು ೧೯೮೩ರಲ್ಲಿ ಇಬ್ಬರು ವಿಜ್ಞಾನಿಗಳು ಇಡಿಯ ಭಾರತಕ್ಕೆ ಅನ್ವಯಿಸಿ ಗಣಿಸಿದರು. ಅವರ ಅಂದಾಜಿನಂತೆ ವರುಷಕ್ಕೆ ಸರಾಸರಿ ಹೆಕ್ಟೇರಿಗೆ ೧೬ ಟನ್ನಿಗಿಂತ ಹೆಚ್ಚು, ಎಂದರೆ ಎಕರೆಗೆ ಆರೂವರೆ ಟನ್ನಿನಷ್ಟು, ಮಣ್ಣು ಸ್ಥಾನಭ್ರಷ್ಟವಾಗುವದು. ಚಕ್ಕಡಿಯ ಲೆಕ್ಕದಲ್ಲಿ ಹೇಳುವದಾದರೆ ಎಕರೆಗೆ ಹತ್ತು ಚಕ್ಕಡಿಯ ಸುಮಾರು. ಹೊಲದ ಮೇಲೆ ಸಮನಾಗಿ ಹಾಸಿದರೆ ಇದು ಒಂದು ಮಿಲಿಮೀಟರಿಗಿಂತ ತುಸು ಹೆಚ್ಚಾಗುವದಷ್ಟೆ. ಒಂದು ವರುಷದಲ್ಲಿ ಯಾರ ಕಣ್ಣಿಗೂ ಬೀಳದು. ಆದರೆ ಅರುವತ್ತು ವರುಷಗಳಲ್ಲಿ ನಾಲ್ಕು ಬೆರಳಿನಷ್ಟು ಆಳದ ಮಣ್ಣು ಹೋದಂತಾಯಿತು. ಅಜ್ಜನು ರಂಟೆ ಹೊಡೆದ ಹೊಲವೂ ಮೊಮ್ಮಗನು ರಂಟೆ ಹೊಡೆಯುವ ಹೊಲವೂ ಉತಾರೆಯಲ್ಲಿ ಒಂದೇ ಆಗಿದ್ದರೂ ನಿಜದಲ್ಲಿ ಬೇರೆ ಬೇರೆಯೇ. ಒಂದು ಬೆರಳಿನಷ್ಟು ಮಣ್ಣು ಕಲ್ಲಿನಿಂದ ಹುಟ್ಟಿ ಬರುವದಕ್ಕೆ ನೂರಾರು ವರುಷಗಳು ಬೇಕಾಗುವವು.

ಪೂರ್ವಕಾಲದ ವ್ಯವಸ್ಥೆ

ಮಣ್ಣಿನ ಕೆಲಸವನ್ನು ಪರಮಾರ್ಥದ ಕೆಲಸವೆಂದು ಎತ್ತಿ ಹಿಡಿದವರು ಹನ್ನೆರಡನೆಯ ಶತಮಾನದ ಶರಣರು. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆಯನ್ನು ಕಟ್ಟಿಸಿದ್ದು ಸರ್ವವಿದಿತವಾದ ಸಂಗತಿ. ಇಂದಿನ ಸೊಲ್ಲಾಪುರದಲ್ಲಿ ಅವರ ಹೆಸರಿನ ಕೆರೆಯೂ ದೇವಾಲಯವೂ ಇರುವವು. ಮಣ್ಣು ಅಗೆದು ಒಡ್ಡು ಕಟ್ಟುವದನ್ನೇ ಕಾಯಕ ಮಾಡಿಕೊಂಡು ಬಂದ ಒಡ್ಡರು, ಎಂದರೆ ಭೋವಿ ಜನರು, ಅವರನ್ನು ತಮ್ಮ ಕುಲಗುರುವೆಂದು ಪೂಜಿಸುವರು. ಒಕ್ಕಲುತನವನ್ನೇ ಕಾಯಕವಾಗಿ ಕೈಕೊಂಡ ಒಕ್ಕಲಿಗ ಮುದ್ದಣ್ಣನೂ ಶರಣರ ಸಾಲಿನಲ್ಲಿ ಇರುವನು. ಗುದ್ದಲಿ ಹಿಡಿದ ಕೈಗೂ ಲಿಂಗಪೂಜೆಯ ಕೈಗೂ ಭೇದವಿಲ್ಲವೆಂಬ ಆ ಕಾಲದ ನಿಲುವು ನಮ್ಮ ಈ ವಿಷಯಕ್ಕೆ ಭೂಷಣವಾಗಿರುವದು.

ಕರ್ನಾಟಕದ ಶಾಸನಗಳನ್ನು ಓದಿದವರಿಗೆ ಬಿತ್ತುವಟ್ಟ, ಕಟ್ಟುಕೊಡಗೆ, ಕೆರೆಗೊಡಗೆ ಮೊದಲಾದ ಮಾತುಗಳು ಪರಿಚಿತವಾಗಿರುವವು. ಕೆರೆಯನ್ನು ಕಟ್ಟಿದವರಿಗೂ ಅದನ್ನು ಕಾಪಾಡುವವರಿಗೂ ಭೂಮಿಯನ್ನೋ ಉತ್ಪನ್ನದ ಪಾಲನ್ನೋ ಬಿಟ್ಟುಕೊಡುವ ಪದ್ಧತಿಗಳಿವು. ಕೆರೆಯಲ್ಲಿ ಹೂಳು ತುಂಬುವದೆಂಬದನ್ನು ಪೂರ್ವಜರು ಬಲ್ಲವರಾಗಿದ್ದರು. ಬೇಸಿಗೆಯಲ್ಲಿ ಕೆರೆಯು ಬತ್ತಿದಾಗ ಹೂಳನ್ನು ಚಕ್ಕಡಿಯಲ್ಲಿ ತುಂಬಿ ಹೊಲಕ್ಕೆ ಹೊಡೆಯುವ ರೂಢಿಯು ಅನೇಕ ಕಡೆಗಳಲ್ಲಿ ಇತ್ತು. ಹೊಲದಿಂದ ಕೆರೆಗೆ ಇಳಿದ ಮಣ್ಣು ಎತ್ತಿನ ಹೆಗಲೇರಿ ಮತ್ತೆ ಹೊಲಕ್ಕೆ ಹತ್ತುತ್ತಲಿತ್ತು. ಇದು ಉತ್ತಮವಾದ ಪದ್ಧತಿಯೇ ಸರಿ. ಆದರೆ ಹೋದದ್ದನ್ನು ಮರಳಿ ತರುವ ಉಪಾಯವೇ ಹೊರತು, ಹೋಗದಂತೆ ತಡೆಯುವ ಉಪಾಯವಲ್ಲ.

ತಡೆಯುವ ಉಪಾಯವೆಂದರೆ ಹೊಲದೊಳಗಿನ ಒಡ್ಡು. ಹುನಗುಂದ ಮೊದಲಾದ ಸೀಮೆಗಳಲ್ಲಿ ಇಳಿಜಾರು ಹೊಲದ ತಗ್ಗಿನ ಅಂಚಿಗೆ ಆಳೆತ್ತರದ ಮಣ್ಣಿನ ಒಡ್ಡುಗಳನ್ನು ಹಾಕುವದು ಬಲ್ಲಿದ ಒಕ್ಕಲಿಗರ ವಾಡಿಕೆಯಾಗಿತ್ತು. ಮೇಲಿನಿಂದ ಹರಿದು ಬಂದ ಕೆಸರು ನೀರು ಒಡ್ಡಿನ ಹಿಂದೆ ನಿಂತು, ಮಣ್ಣನ್ನು ಅಲ್ಲಿಯೇ ಇಳಿಸಿ, ತಿಳಿಯಾಗಿ ಮುಂದೆ ಹೋಗುವದು. ಹಲವು ವರುಷಗಳಲ್ಲಿ ಹೊಲವು ತಾನಾಗಿಯೇ ಮಟ್ಟಸವಾಗುವದು. ಈ ಒಡ್ಡಿನ ಜೀವವೆಲ್ಲ ಅದರ ಬಾಯಿಯಲ್ಲಿರುವದು. ಹೆಚ್ಚಾದ ನೀರು ಒಡ್ಡನ್ನು ಒಡೆಯದೆ ಹೊರಗೆ ಹೋಗುವಂತೆ ಕಲ್ಲಿನಿಂದ ಕಟ್ಟಿದ ದಾರಿಯನ್ನು ಬಿಡುತ್ತಿದ್ದರು; ಅಂಥ ಒಂದು ಬಗೆಯ ಕಲ್ಲುಕಟ್ಟಡಕ್ಕೆ ಗುಂಡಾವರ್ತಿಯೆಂಬ ಹೆಸರುಂಟು. ಕೋಡಿಯಿಲ್ಲದ ಕೆರೆಯೂ ಬಾಯಿಯಿಲ್ಲದ ಒಡ್ಡೂ ಒಂದೇ. ಎರಡೂ ದೊಡ್ಡ ಮಳೆಯ ರಾತ್ರಿಗಾಗಿ ಕಾದಿರುವವು.

ಆದರೆ ಈ ಪದ್ಧತಿಗೆ ಒಂದು ಮಿತಿಯಿತ್ತು. ಒಡ್ಡು ಹಾಕುವದಕ್ಕೆ ಎತ್ತು, ಆಳು, ಹಣ ಬೇಕು. ಆದ್ದರಿಂದ ಉಳ್ಳವರ ಹೊಲಗಳಿಗೆ ಒಡ್ಡುಗಳಾದವು, ಇಲ್ಲದವರ ಹೊಲಗಳು ಹಾಗೆಯೇ ಉಳಿದವು. ನೀರಾದರೋ ಒಡೆತನವನ್ನು ನೋಡಿ ಹರಿಯುವಂಥದಲ್ಲ. ಮೇಲಿನ ನಾಲ್ಕು ಹೊಲಗಳು ಬಯಲಾಗಿದ್ದರೆ ಕೆಳಗಿನ ಒಂದು ಒಡ್ಡು ಎಷ್ಟು ಬಲವಾಗಿದ್ದರೂ ಆ ನಾಲ್ಕು ಹೊಲಗಳ ನೀರನ್ನು ಹೊರಲಾರದು. ಒಬ್ಬನ ಒಡ್ಡು ಒಬ್ಬನ ಬುದ್ಧಿಯನ್ನು ತೋರಿಸುವದು. ಇಡಿಯ ಇಳಿಜಾರು ಉಳಿಯಬೇಕಾದರೆ ಊರಿನ ಬುದ್ಧಿಯೇ ಬೇಕು.

ಬರಗಾಲಗಳೂ ಪ್ರಯೋಗಗಳೂ

ಧಾತು-ಈಶ್ವರ ಸಂವತ್ಸರಗಳ ಬರವು, ಎಂದರೆ ೧೮೭೬ರಿಂದ ೧೮೭೮ರ ವರೆಗಿನದು, ನಮ್ಮ ಬಯಲುಸೀಮೆಯ ಊರೂರುಗಳನ್ನೇ ಬರಿದು ಮಾಡಿತು. ಬರವು ಮಳೆಯ ಕೊರತೆಯಿಂದ ಬರುವದೆಂದು ಎಲ್ಲರೂ ಬಲ್ಲರು. ಬಿದ್ದ ಮಳೆಯೂ ಹೊಲದಲ್ಲಿ ನಿಲ್ಲದೆ ಹೋಗುವದರಿಂದ ಬರವು ಇಮ್ಮಡಿಯಾಗುವದೆಂಬ ವಿಚಾರವು ಸರಕಾರದವರ ಲಕ್ಷ್ಯಕ್ಕೆ ಬರಲು ಇನ್ನೂ ಅನೇಕ ವರುಷಗಳು ಬೇಕಾದವು. ೧೯೨೩ರಲ್ಲಿ ಪುಣೆಯ ಹತ್ತಿರದ ಮಾಂಜರಿಯಲ್ಲಿ ಒಣಬೇಸಾಯದ ಕ್ರಮಬದ್ಧವಾದ ಪ್ರಯೋಗಗಳು ಆರಂಭವಾದವು. ೧೯೩೩ರಲ್ಲಿ ಸೊಲ್ಲಾಪುರದಲ್ಲಿಯೂ ವಿಜಯಪುರದಲ್ಲಿಯೂ ಒಣಬೇಸಾಯದ ಸಂಶೋಧನ ಕೇಂದ್ರಗಳನ್ನು ತೆರೆದರು. ಅದರ ಬೆನ್ನಿಗೇ ಬಳ್ಳಾರಿಯ ಕಡೆಯ ಹಗರಿ, ನಿಜಾಮರ ಸೀಮೆಯ ರಾಯಚೂರು, ಪಂಜಾಬದ ರೋಹತಕ ಈ ಸ್ಥಳಗಳಲ್ಲಿಯೂ ಇಂಥವೇ ಕೇಂದ್ರಗಳಾದವು. ಅಮೇರಿಕೆಯ ಸಂಯುಕ್ತ ಸಂಸ್ಥಾನಗಳಲ್ಲಿ ಧೂಳಿನ ಬಿರುಗಾಳಿಗಳೆದ್ದು ಭೂಸಂರಕ್ಷಣೆಗಾಗಿ ಪ್ರತ್ಯೇಕ ಇಲಾಖೆಯೊಂದು ಸ್ಥಾಪಿತವಾದದ್ದು ೧೯೩೫ರಲ್ಲಿ. ಸಿದ್ಧರಾಮೇಶ್ವರರು ಗುದ್ದಲಿ ಹಾಕಿಸಿದ ಊರಿನಲ್ಲಿಯೇ ಎಂಟುನೂರು ವರುಷಗಳ ತರುವಾಯ ನೀರು-ಮಣ್ಣುಗಳ ಪರೀಕ್ಷೆಯು ನಡೆದದ್ದು ಯೋಗಾಯೋಗವೇ ಇರಬಹುದು. ಆದರೂ ನೆನೆಯತಕ್ಕ ಯೋಗವಾಗಿರುವದು.

ಈ ಕೇಂದ್ರಗಳ ಪಂಡಿತರು ಹರಿದು ಹೋಗುವ ನೀರನ್ನೂ ಮಣ್ಣನ್ನೂ ಅಳೆದರು. ಒಕ್ಕಲಿಗರ ರೂಢಿಗಳನ್ನು ಪರೀಕ್ಷಿಸಿದರು. ಕೊನೆಗೆ ಒಂದು ಬೇಸಾಯಕ್ರಮವನ್ನು ಹೊರಡಿಸಿದರು. ಹೊಲಕ್ಕೆ ಸಮಪಾತಳಿಯ ಒಡ್ಡು, ಮೂರು ವರುಷಗಳಿಗೊಮ್ಮೆ ಆಳವಾದ ರಂಟೆ, ಕೊಟ್ಟಿಗೆ ಗೊಬ್ಬರ, ಬಿತ್ತುವ ಮೊದಲು ಮೂರು ನಾಲ್ಕು ಸಾರೆ ಹರಗುವಿಕೆ, ಬೀಜದ ಪ್ರಮಾಣದಲ್ಲಿ ಮಿತಿ, ಕೂರಿಗೆಯ ಸಾಲುಗಳ ನಡುವೆ ಹೆಚ್ಚಿನ ಅಂತರ, ಎಡೆಕುಂಟೆಯಿಂದ ಬಿಡದೆ ಎಡೆ ಹೊಡೆಯುವದು, ಇವು ಆ ಕ್ರಮದ ಮುಖ್ಯ ಅಂಗಗಳು. ಸಮಪಾತಳಿಯೆಂದರೆ ಇಳಿಜಾರಿನ ಮೇಲೆ ಒಂದೇ ಎತ್ತರದಲ್ಲಿರುವ ಸ್ಥಳಗಳನ್ನು ಕೂಡಿಸುವ ರೇಖೆ. ಒಡ್ಡು ಈ ರೇಖೆಯ ಮೇಲೆ ನಡೆದರೆ ನೀರು ಯಾವ ಕಡೆಗೂ ಓಡದೆ ಉದ್ದಕ್ಕೂ ಸಮನಾಗಿ ನಿಲ್ಲುವದು. ನೂರಕ್ಕೆ ಎರಡರಂತೆ ಇಳಿಯುವ ಹೊಲದಲ್ಲಿ ಒಂದು ಮೀಟರಿನ ಇಳಿತಕ್ಕೆ ಒಂದು ಒಡ್ಡು ಹಾಕುವದಾದರೆ ಒಡ್ಡಿನಿಂದ ಒಡ್ಡಿಗೆ ೫೦ ಮೀಟರ್ ಅಂತರ ಬರುವದು. ಇಳಿಜಾರು ಹೆಚ್ಚಿದಷ್ಟೂ ಒಡ್ಡುಗಳು ಹತ್ತಿರವಾಗತಕ್ಕವು.

ಈ ರೇಖೆಯು ಯಾರ ಹೊಲದ ಮೇರೆಯನ್ನೂ ಅನುಸರಿಸುವದಿಲ್ಲವೆಂಬದನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ಮೇರೆಯು ಮನುಷ್ಯನು ಹಾಕಿದ್ದು. ಸಮಪಾತಳಿಯು ಭೂಮಿಯು ಹಾಕಿದ್ದು. ಆದುದರಿಂದ ಒಬ್ಬೊಬ್ಬರ ಹೊಲವನ್ನು ಬೇರೆ ಬೇರೆಯಾಗಿ ನೋಡದೆ ಇಡಿಯ ಇಳಿಜಾರನ್ನು ಒಂದಾಗಿ ಹಿಡಿದು ಕೆಲಸ ಮಾಡಿಸುವ ಅಧಿಕಾರವು ಅಗತ್ಯವಾಯಿತು. ಆಗಿನ ಮುಂಬಯಿ ಪ್ರಾಂತದವರು ೧೯೪೨ರಲ್ಲಿ ಭೂಸುಧಾರಣೆಯ ಯೋಜನೆಗಳ ಕಾನೂನನ್ನು ಮಾಡಿದರು. ಆ ಕಾಲಕ್ಕೇ ಸರಿಯಾಗಿ ೧೯೪೨-೪೩ರಲ್ಲಿ ವಿಜಯಪುರ ಜಿಲ್ಹೆಯಲ್ಲಿ ಘೋರವಾದ ಬರವು ಬಿದ್ದಿತು. ಬರದ ಕಾಮಗಾರಿಯೆಂದು ಹಸಿದ ಜನರ ಕೈಗೆ ಗುದ್ದಲಿ ಬುಟ್ಟಿಗಳನ್ನು ಕೊಟ್ಟು ಒಡ್ಡು ಹಾಕಿಸಿದರು. ಕರ್ನಾಟಕದ ಏಕೀಕರಣದ ತರುವಾಯ ೧೯೬೧ರಲ್ಲಿ ನಮ್ಮ ರಾಜ್ಯದಲ್ಲಿಯೂ ಭೂಸುಧಾರಣೆಯ ಕಾನೂನೊಂದು ಬಂದಿತು. ಹೀಗೆ ಹೊಟ್ಟೆಯ ಬೆಂಕಿಯೂ ಪಂಡಿತರ ಅಳತೆಯೂ ಕಾನೂನಿನ ಬಲವೂ ಕೂಡಿ, ಬಯಲುಸೀಮೆಯ ಇಳಿಜಾರುಗಳ ಮೇಲೆ ಒಡ್ಡುಗಳ ಸಾಲು ಎದ್ದು ನಿಂತಿತು.

ಒಡ್ಡು ಒಡೆದ ಬಗೆ

ಇಷ್ಟರಿಂದ ಕೆಲಸವು ಮುಗಿದಿದ್ದರೆ ಈ ಲೇಖನವನ್ನು ಬರೆಯುವ ಕಾರಣವಿರುತ್ತಿರಲಿಲ್ಲ. ಕೆಲವು ವರುಷಗಳಲ್ಲಿಯೇ ಈ ಒಡ್ಡುಗಳ ದೋಷವು ಪ್ರಕಟವಾಯಿತು. ಮಸಾರಿ ಭೂಮಿಯಲ್ಲಿ ನಿಂತ ನೀರು ಬೇಗನೆ ಇಂಗುವದರಿಂದ ಅಲ್ಲಿ ಸಮಪಾತಳಿಯ ಒಡ್ಡುಗಳು ಹೊಂದಿಕೊಂಡವು. ಆಳವಾದ ಎರೆಯಲ್ಲಿ ಮಾತ್ರ ನೀರು ದಿನಗಟ್ಟಲೆ ನಿಂತು ಒಡ್ಡಿನ ಹಿಂದಿನ ಪೈರನ್ನು ಕೊಳೆಯಿಸಿತು. ಬೇಸಿಗೆಯಲ್ಲಿ ಎರೆಯ ಒಡ್ಡೂ ಬಿರುಕು ಬಿಡುವದಷ್ಟೆ. ಮುಂದಿನ ಮಳೆಯ ನೀರು ಆ ಬಿರುಕಿನಲ್ಲಿ ನುಗ್ಗಿ ಒಡ್ಡನ್ನು ಸೀಳಿತು. ಒಂದು ಒಡ್ಡು ಒಡೆದರೆ ಅದರ ಹಿಂದೆ ಕೂಡಿದ ನೀರೆಲ್ಲ ಒಮ್ಮೆಲೆ ಕೆಳಗಿನ ಒಡ್ಡಿನ ಮೇಲೆ ಬೀಳುವದರಿಂದ ಸಾಲಾಗಿ ಎಲ್ಲವೂ ಒಡೆದವು. ಇದರ ಮೇಲೆ, ಒಡ್ಡು ಹೊಲವನ್ನು ಓರೆಯಾಗಿ ಕತ್ತರಿಸಿದ್ದರಿಂದ ಎತ್ತು ತಿರುಗಿಸುವದಕ್ಕೆ ತೊಡಕಾಯಿತು; ಒಡ್ಡಿನ ಬುಡದಷ್ಟು ನೆಲವು ಬಿತ್ತನೆಗೆ ಕಡಿಮೆಯಾಯಿತು. ತನ್ನನ್ನು ಕೇಳದೆ ಹಾಕಿದ ಒಡ್ಡನ್ನು ಒಕ್ಕಲಿಗನು ತನ್ನದೆಂದು ಎಣಿಸಲಿಲ್ಲ. ವರುಷಕ್ಕೆ ಒಂದು ಸಾಲಿನಂತೆ ರಂಟೆಯು ಅದರ ಬುಡವನ್ನು ತಿನ್ನುತ್ತ ಬಂದಿತು.

ನಮ್ಮ ಶ್ರೀಮಠದ ಮರಡಿಯ ಹೊಲದಲ್ಲಿಯೇ ನಾನು ಇದನ್ನು ಪ್ರತ್ಯಕ್ಷ ಕಂಡಿರುವೆನು. ೧೯೭೨ರ ಬರದ ಕಾಮಗಾರಿಯಲ್ಲಿ ಆ ಹೊಲಕ್ಕೂ ನೆರೆಯ ಹೊಲಗಳಿಗೂ ಒಡ್ಡು ಬಿದ್ದಿದ್ದವಂತೆ. ೧೯೮೦ರ ಸುಮಾರಿಗೆ, ನಾನು ಪಾಠಶಾಲೆಗೆ ಬಂದ ಹೊಸದರಲ್ಲಿ, ಒಂದು ಹಿಂಗಾರಿ ಮಳೆಯ ರಾತ್ರಿ ಮಠದ ಹೊಲದ ಒಡ್ಡು ಒಡೆಯಿತು. ಕೆಳಗಿನ ಹೊಲದವರು ಅದೇ ವಾರ ಜೋಳ ಬಿತ್ತಿದ್ದರು. ಬೀಜದೊಡನೆ ಗೇಣುದ್ದದ ಮಣ್ಣು ಹೋಗಿ ಕೆಳಗಿನ ಗರಸು ಬೆಳ್ಳಗೆ ಕಾಣಿಸಿತು. ಆ ಒಕ್ಕಲಿಗರು ಮರುದಿನ ಮಠಕ್ಕೆ ಬಂದು ಕಣ್ಣೀರಿಟ್ಟು, "ಅಪ್ಪಾವ್ರೇ, ಮಠದ ನೀರು ನನ್ನ ಮನಿ ಮುರೀತು" ಎಂದು ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿರುವದು. ಲಿಂಗೈಕ್ಯ ಹಿರಿಯ ಶ್ರೀಗಳವರು ಪೂಜೆಯನ್ನು ತೀರಿಸಿ ನೇರವಾಗಿ ಹೊಲಕ್ಕೆ ನಡೆದರು. ನಾವು ಹುಡುಗರು ಬೆನ್ನ ಹಿಂದೆ ಹೋದೆವು. ಕೆರೆ ಒಡ್ಡುಗಳ ಕೆಲಸದಲ್ಲಿ ಕೂದಲು ನರೆಯಿಸಿದ ಒಡ್ಡರ ಹಿರಿಯರೊಬ್ಬರನ್ನು ಕರೆಯಿಸಿ, "ಯಾಕ ಒಡೀತು ಯಜಮಾನ್ರೇ?" ಎಂದು ಕೇಳಿದರು. ಅವರು ತಗ್ಗಿನ ಮೂಲೆಯನ್ನು ತೋರಿಸಿ, "ನೀರಿಗೆ ಹೋಗಾಕ ದಾರಿ ಬಿಟ್ಟಿಲ್ಲರಿ ಬುದ್ಧಿ, ಅದು ತನ್ನ ದಾರಿ ತಾನ ಮಾಡಿಕೊಂಡತಿ" ಎಂದರು.

ಶ್ರೀಗಳವರು ಮಾಡಿದ ನಿರ್ಣಯವು ಸರಳವಾಗಿತ್ತು. ಒಡೆದ ಒಡ್ಡನ್ನು ಕಟ್ಟಿಸುವ ಮೊದಲು ತಗ್ಗಿನ ಮೂಲೆಗೆ ಕಲ್ಲಿನ ಬಾಯಿಯನ್ನು ಕಟ್ಟಿಸಿದರು. ಆ ಬಾಯಿಯಿಂದ ಹಳ್ಳದ ವರೆಗೆ ನೀರು ಹೋಗುವದಕ್ಕೆ ಮಠದ ಹೊಲದೊಳಗಿನಿಂದಲೇ ಎರಡು ಮಾರು ಅಗಲದ ಪಟ್ಟಿಯನ್ನು ಬಿಟ್ಟು ಹುಲ್ಲು ಬೆಳೆಯಗೊಟ್ಟರು. ಬೀಜಕ್ಕೆಂದು ಜೋಳವನ್ನು ಕೆಳಗಿನ ಹೊಲದವರ ಮನೆಗೆ ಕಳುಹಿಸಿದರು. ಅದನ್ನು ಕಂಡು ಆ ಒಕ್ಕಲಿಗರೂ ತಮ್ಮ ಹೊಲದಲ್ಲಿ ಅದೇ ಪಟ್ಟಿಯನ್ನು ಮುಂದುವರಿಸಲು ಒಪ್ಪಿದರು. ತರುವಾಯ ಬಂದ ದೊಡ್ಡ ಮಳೆಗಳಲ್ಲಿ ಆ ಎರಡು ಹೊಲಗಳ ಒಡ್ಡುಗಳು ಒಡೆಯಲಿಲ್ಲ. ಮಗ್ಗುಲಿನ ಹೊಲಗಳಲ್ಲಿ ಎರಡು ಸಾಲು ಹೆಚ್ಚು ಬಿತ್ತುವ ಆಸೆಗೆ ಒಡ್ಡನ್ನು ಹರಗಿ ಹಾಕಿದರು. ಈಗ ಅಲ್ಲಿ ಕೂರಿಗೆಯ ತಾಳು ಗರಸಿಗೆ ತಾಗಿ ಸಪ್ಪಳ ಮಾಡುವದು. ಇಳಿಜಾರಿನ ಶಾಸ್ತ್ರವನ್ನು ನಾನು ಮೊದಲು ಕಲಿತದ್ದು ಆ ದಿನ, ಆ ಮೂಲೆಯಲ್ಲಿ.

ನೀರಿಗೆ ದಾರಿ, ಮಣ್ಣಿಗೆ ತಡೆ

ಆ ಹಿರಿಯರು ಹೇಳಿದ್ದನ್ನೇ ಸಂಶೋಧಕರೂ ತಮ್ಮ ಮಾರ್ಗದಿಂದ ಕಂಡುಕೊಂಡರು. ೧೯೫೪ರಲ್ಲಿ ಬಳ್ಳಾರಿಯಲ್ಲಿ ಮಣ್ಣು ಮತ್ತು ನೀರಿನ ಸಂರಕ್ಷಣೆಯ ಕೇಂದ್ರವು ಸ್ಥಾಪಿತವಾಗಿ, ಎರೆ ಭೂಮಿಯ ಸಮಸ್ಯೆಯನ್ನೇ ವಿಶೇಷವಾಗಿ ಕೈಕೊಂಡಿತು. ೧೯೭೦ರಲ್ಲಿ ಅಖಿಲ ಭಾರತದ ಒಣಬೇಸಾಯ ಸಂಶೋಧನ ಯೋಜನೆಯು ಆರಂಭವಾಗಿ ವಿಜಯಪುರದ ಕೇಂದ್ರವೂ ಅದರಲ್ಲಿ ಸೇರಿತು. ಇವರೆಲ್ಲರ ಅನುಭವದ ಸಾರವನ್ನು ಹೀಗೆ ಹೇಳಬಹುದು. ಆಳವಾದ ಎರೆಯಲ್ಲಿ ಒಡ್ಡನ್ನು ಪೂರ್ಣ ಸಮಪಾತಳಿಯಲ್ಲಿ ಹಾಕದೆ, ನೂರು ಮೀಟರಿಗೆ ೨೦ರಿಂದ ೪೦ ಸೆಂಟಿಮೀಟರ್ ಇಳಿಯುವಂತೆ ತುಸು ಓರೆಯಾಗಿ ಹಾಕತಕ್ಕದ್ದು. ನೀರು ಒಡ್ಡಿನ ಗುಂಟ ಮೆಲ್ಲಗೆ ನಡೆದು, ಹುಲ್ಲು ಬೆಳೆದ ಕಾಲುವೆಯನ್ನು ಸೇರಿ, ಅಲ್ಲಿಂದ ಹಳ್ಳಕ್ಕೋ ಕೃಷಿಹೊಂಡಕ್ಕೋ ಇಳಿಯತಕ್ಕದ್ದು. ಕಾಲುವೆಯ ದಾರಿಯನ್ನು ಮೊದಲು ನಿಶ್ಚಯಿಸಿ ಒಡ್ಡನ್ನು ಆ ಮೇಲೆ ಹಾಕುವದೇ ಕ್ರಮ.

ಒಡ್ಡು ಹೊರಗಿನ ಕೋಟೆಯಾದರೆ ಒಳಗಿನ ಕಾವಲು ಬೇಸಾಯದ್ದೇ ಆಗಿರುವದು. ಮೊದಲನೆಯದಾಗಿ, ರಂಟೆ, ಕುಂಟೆ, ಕೂರಿಗೆಗಳೆಲ್ಲವೂ ಇಳಿಜಾರಿಗೆ ಅಡ್ಡಲಾಗಿ ನಡೆಯಬೇಕು. ಆಗ ಒಂದೊಂದು ಸಾಲೂ ಒಂದೊಂದು ಸಣ್ಣ ಒಡ್ಡಾಗುವದು; ಇಳಿಜಾರಿನ ಗುಂಟ ಹೊಡೆದ ಸಾಲು ನೀರಿಗೆ ನಾವೇ ತೋಡಿಕೊಟ್ಟ ಕಾಲುವೆಯಾಗುವದು. ಎರಡನೆಯದು ವಿಜಯಪುರದ ಕಡೆಗೆ ಪ್ರಸಿದ್ಧವಾದ ಚೌಕುಮಡಿಯ ಪದ್ಧತಿ. ಹಿಂಗಾರಿಗೆಂದು ಖಾಲಿ ಬಿಟ್ಟ ಹೊಲವನ್ನು ಮುಂಗಾರಿಯಲ್ಲಿಯೇ ಸಣ್ಣ ಬದುಗಳಿಂದ ಚೌಕಚೌಕವಾಗಿ ವಿಭಾಗಿಸುವರು. ಇಳಿಜಾರಿನಂತೆ ಚೌಕದ ಬದಿಯು ಸುಮಾರು ೩ರಿಂದ ೬ ಮೀಟರಿನ ವರೆಗೆ ಇರುವದು. ಇಳಿಜಾರು ಹೆಚ್ಚಾದಲ್ಲಿ ಚೌಕವು ಚಿಕ್ಕದಾಗುವದು. ಬಿದ್ದ ಮಳೆಯು ಬಿದ್ದ ಚೌಕದಲ್ಲಿಯೇ ಇಂಗುವದರಿಂದ ಮಣ್ಣೂ ಉಳಿಯುವದು, ಹಿಂಗಾರಿ ಜೋಳಕ್ಕೆ ಹಸಿಯೂ ಸಿಕ್ಕುವದು. ಮೂರನೆಯದು ನೆಲದ ಹೊದಿಕೆ. ಎತ್ತರವಾಗಿ ಬೆಳೆಯುವ ಜೋಳ ಸಜ್ಜೆಗಳ ಪಟ್ಟಿಗಳ ನಡುವೆ ನೆಲವನ್ನು ಮುಚ್ಚಿ ಹಬ್ಬುವ ಹುರುಳಿ, ಮಡಿಕೆ, ಶೇಂಗಾದಂಥ ಬೆಳೆಗಳ ಪಟ್ಟಿಗಳನ್ನು ಅಡ್ಡಲಾಗಿ ಬಿತ್ತಿದರೆ ಹನಿಯ ಪೆಟ್ಟು ಎಲೆಯ ಮೇಲೆ ಬೀಳುವದು, ಮಣ್ಣಿನ ಮೇಲಲ್ಲ.

ನಾಲ್ಕನೆಯದು ಜೀವಂತ ಒಡ್ಡು. ಗುಂಡ್ಲುಪೇಟೆಯ ಕಡೆಯ ಒಕ್ಕಲಿಗರು ಬಹುಕಾಲದಿಂದ ಹೊಲದ ಮೇರೆಗೆ ಲಾವಂಚದ ಹುಲ್ಲನ್ನು ಒತ್ತಾಗಿ ನೆಡುತ್ತ ಬಂದಿದ್ದರು. ೧೯೮೦ರ ದಶಕದಲ್ಲಿ ಜಾಗತಿಕ ಬ್ಯಾಂಕಿನ ತಜ್ಞರು ಇದನ್ನು ಕಂಡು ಬೇರೆ ಬೇರೆ ದೇಶಗಳಿಗೆ ಇದರ ಪ್ರಚಾರ ಮಾಡಿದರು. ಲಾವಂಚದ ಬೇರು ಅಗಲಕ್ಕೆ ಹಬ್ಬದೆ ನೇರವಾಗಿ ಆಳಕ್ಕೆ ಇಳಿಯುವದರಿಂದ ಮಗ್ಗುಲಿನ ಬೆಳೆಗೆ ಹೆಚ್ಚಿನ ಬಾಧೆಯಿಲ್ಲ. ಬಲಿತ ಎಲೆಯನ್ನು ದನಗಳು ಅಷ್ಟಾಗಿ ಮುಟ್ಟುವದಿಲ್ಲ. ಒತ್ತಾಗಿ ಬೆಳೆದ ಬುಡವು ಜರಡಿಯಂತೆ ನೀರನ್ನು ಬಿಟ್ಟು ಮಣ್ಣನ್ನು ಹಿಡಿಯುವದು. ಮಣ್ಣು ಏರಿದಂತೆ ಹುಲ್ಲೂ ಏರುವದು. ಮಣ್ಣಿನ ಒಡ್ಡು ವರುಷ ವರುಷಕ್ಕೆ ಸವೆಯುವದು. ಈ ಒಡ್ಡು ವರುಷ ವರುಷಕ್ಕೆ ಬೆಳೆಯುವದು.

ಊರಿನ ಒಪ್ಪಂದ

ಹಿಂದಿನ ಒಡ್ಡುಗಳು ಬಿದ್ದದ್ದು ಅಳತೆಯ ದೋಷದಿಂದ ಮಾತ್ರವಲ್ಲ, ಒಪ್ಪಂದದ ಅಭಾವದಿಂದಲೂ ಎಂಬದನ್ನು ಕ್ರಮೇಣ ಎಲ್ಲರೂ ಮನಗಂಡರು. ಒಂದು ಹಳ್ಳಕ್ಕೆ ನೀರು ಕೊಡುವ ನೆಲವೆಲ್ಲ ಒಂದೇ ಕುಟುಂಬವಿದ್ದಂತೆ. ಇದಕ್ಕೆ ಜಲಾನಯನವೆಂಬ ಹೆಸರು ಬಂದಿತು. ೧೯೮೦ರ ದಶಕದಲ್ಲಿ ಕನಕಪುರದ ಕಡೆಯ ಕಬ್ಬಳನಾಲೆಯಲ್ಲಿ ಜಲಾನಯನದ ಪ್ರಾಯೋಗಿಕ ಕಾರ್ಯವು ನಡೆಯಿತು. ೨೦೦೧ರಲ್ಲಿ ಆರಂಭವಾದ ಸುಜಲ ಯೋಜನೆಯು ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ನಡೆದು, ಊರವರ ಸಂಘಗಳನ್ನು ಕಟ್ಟಿ ಅವರನ್ನು ಕೇಳಿಯೇ ಕೆಲಸವನ್ನು ನಿಶ್ಚಯಿಸುವ ಮಾರ್ಗವನ್ನು ಹಿಡಿಯಿತು. ೨೦೦೫ರ ಉದ್ಯೋಗ ಖಾತರಿಯ ಕಾನೂನಿನ ತರುವಾಯ ಬದು ಹಾಕುವ ಕೆಲಸಗಳು ಹಳ್ಳಿಹಳ್ಳಿಯಲ್ಲಿ ನಡೆದವು. ಎಲ್ಲಿ ಮೇಲಿನವರು ಕೆಳಗ�ಿನವರು ಕೂಡಿ ಕುಳಿತು ನೀರಿನ ದಾರಿಯನ್ನು ಒಪ್ಪಿಕೊಂಡರೋ ಅಲ್ಲಿ ಒಡ್ಡುಗಳು ಬಾಳುವವು. ಎಲ್ಲಿ ಕೂಲಿಯ ಲೆಕ್ಕಕ್ಕಷ್ಟೇ ಮಣ್ಣು ಬಿದ್ದಿತೋ ಅಲ್ಲಿ ಎರಡು ಮಳೆಗಾಲಗಳಲ್ಲಿ ಅವು ಬಯಲಾಗುವವು.

ಒಪ್ಪಂದವಿಲ್ಲದ ಇಳಿಜಾರುಗಳ ಮಣ್ಣು ಎಲ್ಲಿಗೆ ಹೋಯಿತೆಂದು ಕೇಳುವವರು ಹೊಸಪೇಟೆಯ ತುಂಗಭದ್ರಾ ಜಲಾಶಯವನ್ನು ನೋಡಬೇಕು. ೧೯೫೩ರಲ್ಲಿ ನೀರು ತುಂಬಿದಾಗ ಅದರ ಗರ್ಭವು ಸುಮಾರು ೧೩೩ ಟಿ.ಎಂ.ಸಿ. ನೀರನ್ನು ಹಿಡಿಯುತ್ತಲಿತ್ತು. ೨೦೧೬ರ ಅಳತೆಯಲ್ಲಿ ಅದು ೧೦೫ರ ಸುಮಾರಿಗೆ ಇಳಿದಿತ್ತು. ಉಳಿದ ಜಾಗದಲ್ಲಿ ಮಲಗಿರುವದು ಹೂಳು. ಹೂಳೆಂದು ನಾವು ಹೀಯಾಳಿಸುವ ಅದು ಮೇಲಿನ ಸೀಮೆಗಳ ಹೊಲಗಳ ಸಾರವೇ ಆಗಿರುವದು. ಮೇಲಿನವನಿಗೆ ಮಣ್ಣಿಲ್ಲದಂತಾಯಿತು, ಕೆಳಗಿನವನಿಗೆ ನೀರಿಲ್ಲದಂತಾಯಿತು. ಹಳೆಯ ಕೆರೆಯ ಹೂಳನ್ನು ಚಕ್ಕಡಿಗಳು ಮರಳಿ ತಂದವು. ಈ ಮಹಾಜಲಾಶಯದ ಹೂಳನ್ನು ಮರಳಿ ತರುವ ಚಕ್ಕಡಿಯಿಲ್ಲ.

ಉಪಸಂಹಾರ

ಇಷ್ಟು ದೀರ್ಘವಾದ ಇತಿಹಾಸದಿಂದ ತಿಳಿಯತಕ್ಕದ್ದು ಒಂದೇ ಮಾತು. ಒಡ್ಡು ಮಣ್ಣಿನಿಂದ ಕಟ್ಟಲ್ಪಡುವದಾದರೂ ನೆರೆಹೊರೆಯ ಸೌಹಾರ್ದದಿಂದ ನಿಲ್ಲುವದು. ದುಡಿದದ್ದನ್ನು ತಾನೊಬ್ಬನೇ ಉಣ್ಣದೆ ಹಂಚಿಕೊಳ್ಳುವದು ದಾಸೋಹವಾದರೆ, ತನ್ನ ಹೊಲದ ನೀರು ನೆರೆಯವನನ್ನು ಕೆಡಿಸದಂತೆ ಎರಡು ಮಾರು ನೆಲವನ್ನು ಬಿಟ್ಟುಕೊಡುವದೂ ದಾಸೋಹವೇ ಸರಿ. ಕಾಯಕವು ಗುದ್ದಲಿಯಲ್ಲಿರುವದು, ದಾಸೋಹವು ಆ ಹುಲ್ಲಿನ ಪಟ್ಟಿಯಲ್ಲಿರುವದು. ಎರಡೂ ಕೂಡಿದಲ್ಲಿ ಮಾತ್ರ ಇಳಿಜಾರು ಉಳಿಯುವದು.

ಕೊನೆಗೆ ಮುಚ್ಚುಮರೆಯಿಲ್ಲದೆ ಒಂದು ಸಂಗತಿಯನ್ನು ಅರಿಕೆ ಮಾಡಬೇಕಾಗಿದೆ. ಹಿರಿಯ ಶ್ರೀಗಳವರು ಕಟ್ಟಿಸಿದ ಮರಡಿಯ ಹೊಲದ ಒಡ್ಡನ್ನು ಈ ಸಂಪುಟಕ್ಕಾಗಿ ನೋಡಿಬರಲು ಕಳೆದ ಬೇಸಿಗೆಯಲ್ಲಿ ಹೋಗಿದ್ದೆನು. ಕಲ್ಲಿನ ಬಾಯಿಯಲ್ಲಿ ಮಣ್ಣು ತುಂಬಿ ಕಸ ಬೆಳೆದಿರುವದು; ಹುಲ್ಲಿನ ಪಟ್ಟಿಯ ಒಂದು ಪಾಲು ಬಿತ್ತನೆಯೊಳಗೆ ಸೇರಿಹೋಗಿರುವದು; ಒಡ್ಡಿನ ನಡುವೆ ಕೈ ಹಿಡಿಸುವ ಬಿರುಕೊಂದು ಬಾಯಿಬಿಟ್ಟಿರುವದು. ಪರರ ಹೊಲದ ದೋಷಗಳನ್ನು ಬರೆದ ಈ ಲೇಖನಿಯು ತನ್ನ ಮಠದ ಹೊಲದ ದೋಷವನ್ನು ಮರೆಮಾಚಿದರೆ ಅದು ಧರ್ಮವಾಗದು. ಮಹೋತ್ಸವಕ್ಕೆ ಬರುವ ಭಕ್ತರು ಮುಂಗಾರಿಯ ಮೊದಲು ಒಂದು ದಿನ ಗುದ್ದಲಿ ಬುಟ್ಟಿಗಳೊಡನೆ ಮರಡಿಯ ಹೊಲಕ್ಕೆ ದಯಮಾಡಿಸಿದರೆ ಆ ಬಾಯಿಯನ್ನು ಬಿಡಿಸಿ, ಬಿರುಕನ್ನು ಹೂಡಿ, ಪಟ್ಟಿಯ ಗುಂಟ ಲಾವಂಚವನ್ನು ನೆಡಬಹುದು. ಬಳಿಕ ಅವರು ತಮ್ಮ ತಮ್ಮ ಊರಿಗೆ ಹೋಗಿ, ಮೇಲಿನ ಹೊಲದವರನ್ನೂ ಕೆಳಗಿನ ಹೊಲದವರನ್ನೂ ಒಂದು ಕಟ್ಟೆಯ ಮೇಲೆ ಕೂಡಿಸಿ, ನಮ್ಮ ನೀರಿಗೆ ದಾರಿ ಯಾವದೆಂಬ ಒಂದೇ ಪ್ರಶ್ನೆಯನ್ನು ಕೇಳಿಕೊಂಡರೆ ಈ ಬರಹವು ಸಾರ್ಥಕವಾಯಿತೆಂದು ಭಾವಿಸುವೆನು. ಶುಭಮಸ್ತು.